ಮಧುಮೇಹದ ಪಥ್ಯವೂ ಎಲೆಯಡಿಕೆಯ ಚಂಚಿಯೂ

ಮಧುಮೇಹವೆಂಬುದು ಇಂದು ಯಾರೋ ಒಬ್ಬಿಬ್ಬರು ಸಿರಿವಂತರ ಕಾಯಿಲೆಯಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರು ಈ ವ್ಯಾಧಿಯೊಡನೆ ಬದುಕುತ್ತಿದ್ದಾರೆ. ಆದ್ದರಿಂದಲೇ ಪಥ್ಯದ ಮಾತು ಈಗ ಪ್ರತಿಯೊಂದು ಮನೆಯ ಅಡುಗೆಮನೆಯಲ್ಲಿಯೂ ಕೇಳಿಬರುತ್ತದೆ. ಅನ್ನ ಕಡಿಮೆಯಾಗುತ್ತದೆ, ಚಹಕ್ಕೆ ಸಕ್ಕರೆ ನಿಲ್ಲುತ್ತದೆ, ಹಬ್ಬದ ದಿನ ಹೋಳಿಗೆಯ ತಟ್ಟೆ ಹಿರಿಯರ ಮುಂದಿನಿಂದ ಮೆಲ್ಲನೆ ಸರಿಯುತ್ತದೆ. ಮನೆಯ ಹೆಣ್ಣುಮಕ್ಕಳು ಈ ಕಟ್ಟುನಿಟ್ಟನ್ನು ಎಷ್ಟು ಶ್ರದ್ಧೆಯಿಂದ ನಡೆಸುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇಷ್ಟೆಲ್ಲ ಲೆಕ್ಕದೊಳಗೆ ಸೇರದೆ ಹೊರಗೆ ಉಳಿದುಬಿಡುವ ವಸ್ತುವೊಂದಿದೆ. ಅದು ಹಿರಿಯರ ದಿಂಬಿನ ಬದಿಯಲ್ಲಿರುವ ಎಲೆಯಡಿಕೆಯ ಚಂಚಿ; ಅದರೊಳಗಿನ ತಂಬಾಕು.

ಇದು ಹೀಗೇಕೆ ಹೊರಗುಳಿಯುತ್ತದೆ ಎಂದು ವಿಚಾರಿಸಿದರೆ ಕಾರಣ ಸ್ಪಷ್ಟವಾಗಿಯೇ ಇದೆ. ಮಧುಮೇಹವನ್ನು ನಾವು ಕಾಯಿಲೆಯೆಂದು ಕರೆಯುತ್ತೇವೆ. ತಂಬಾಕನ್ನು ಚಟವೆಂದು ಕರೆಯುತ್ತೇವೆ. ಕಾಯಿಲೆಗೆ ಔಷಧವುಂಟು, ಪಥ್ಯವುಂಟು, ಮನೆಯವರ ಅನುಕಂಪವುಂಟು. ಚಟಕ್ಕೆ ಬೈಗುಳವುಂಟು, ಇಲ್ಲವೆ ಉದಾಸೀನವುಂಟು. ಮೂವರು ಅಣ್ಣತಮ್ಮಂದಿರು ಒಂದೇ ಸೂರಿನಡಿ ಬಾಳುವ ನಮ್ಮ ಮನೆಯಲ್ಲಿ ಕಳೆದ ಕೆಲವು ವರ್ಷಗಳ ಅನುಭವದಿಂದ ಮನದಟ್ಟಾದ ಮಾತೆಂದರೆ, ಮಧುಮೇಹಿಯ ಪಾಲಿಗೆ ಇವೆರಡೂ ಬೇರೆ ಬೇರೆ ವಿಷಯಗಳಲ್ಲ. ತಂಬಾಕನ್ನು ಬಿಡುವುದು ಶೀಲದ ಪ್ರಶ್ನೆಯಾಗುವುದಕ್ಕಿಂತ ಮೊದಲು ಪಥ್ಯದ ಪ್ರಶ್ನೆ. ಈ ಅನುಭವವು ಓದುಗ ಬಾಂಧವರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ವೈದ್ಯಶಾಸ್ತ್ರ ಏನು ಹೇಳುತ್ತದೆಂಬುದನ್ನು ನೋಡೋಣ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ಪದಾರ್ಥ ರಕ್ತಕ್ಕೆ ಸೇರಿದ ಕೂಡಲೇ ಹೃದಯದ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಸಣ್ಣ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಅದರೊಡನೆ ದೇಹದ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಕೇಳುವುದನ್ನು ಕಡಿಮೆ ಮಾಡುತ್ತವೆ. ಅಂದರೆ ನುಂಗಿದ ಗುಳಿಗೆಯೂ ಚುಚ್ಚಿಕೊಂಡ ಇನ್ಸುಲಿನ್ನೂ ಮಾಡಬೇಕಾದ ಕೆಲಸಕ್ಕೆ ತಂಬಾಕು ಅಡ್ಡಗಾಲು ಹಾಕುತ್ತದೆ. ಅಮೆರಿಕದ ಸರ್ಜನ್ ಜನರಲ್ ಅವರ ೨೦೧೪ರ ವರದಿಯು ಧೂಮಪಾನವೇ ಎರಡನೆಯ ಬಗೆಯ ಮಧುಮೇಹಕ್ಕೆ ಒಂದು ಕಾರಣವೆಂದು ನಿರ್ಣಯಿಸಿತು. ಸೇದದವರಿಗಿಂತ ಸೇದುವವರಿಗೆ ಈ ಕಾಯಿಲೆ ಬರುವ ಸಂಭವ ಶೇಕಡಾ ೩೦ರಿಂದ ೪೦ರಷ್ಟು ಹೆಚ್ಚೆಂದೂ ತಿಳಿಸಿತು. ಕಾಯಿಲೆ ಬಂದ ಮೇಲಂತೂ ಹಾನಿ ಇಮ್ಮಡಿಯಾಗುತ್ತದೆ. ಮಧುಮೇಹವು ರಕ್ತನಾಳಗಳನ್ನು ಒಳಗಿನಿಂದ ಕೆಡಿಸುತ್ತಿರುವಾಗಲೇ ತಂಬಾಕು ಅದೇ ನಾಳಗಳ ಮೇಲೆ ತನ್ನ ಕೈ ಮಾಡುತ್ತದೆ. ಹೃದಯ, ಮಿದುಳು, ಮೂತ್ರಪಿಂಡ, ಕಣ್ಣು, ವಸಡು, ಕೊನೆಗೆ ಕಾಲ ಬೆರಳು: ಮಧುಮೇಹ ಎಲ್ಲೆಲ್ಲಿ ಕಾಡುತ್ತದೆಯೋ ಅಲ್ಲೆಲ್ಲ ತಂಬಾಕು ಅದಕ್ಕೆ ಜೊತೆಯಾಗುತ್ತದೆ.

ನಮ್ಮ ಹಿರಿಯಣ್ಣನವರಿಗೆ ಮಧುಮೇಹವಿದೆಯೆಂದು ಗೊತ್ತಾದದ್ದು ೨೦೦೯ರಲ್ಲಿ. ಆಗ ಅವರಿಗೆ ನಲವತ್ತೆಂಟು ವರ್ಷ. ಹೊಲಮನೆ ನೋಡಿಕೊಂಡಿದ್ದ ಅವರಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕಾಗಿತ್ತು. ಬೀಡಿಯನ್ನು ಬಿಡಬೇಕೆಂದು ವೈದ್ಯರು ಹೇಳಿದ್ದನ್ನು ಅವರು ಮೀರಲಿಲ್ಲ. ಒಂದೆರಡು ವರ್ಷಗಳಲ್ಲಿ ನಿಜವಾಗಿಯೂ ಬಿಟ್ಟರು. ಮನೆಯವರಿಗೆಲ್ಲ ಸಂತೋಷವಾಯಿತು. ಆದರೆ ಬೀಡಿ ಹೋದ ಜಾಗಕ್ಕೆ ಚಂಚಿ ಬಂದಿತು. ಊಟವಾದ ಮೇಲೆ ಒಮ್ಮೆ ಎಲೆ ಹಾಕಿಕೊಳ್ಳುತ್ತಿದ್ದವರು ಈಗ ಮುಂಜಾನೆಯಿಂದ ಮಲಗುವ ತನಕ ಒಂದು ಎಸಳು ತಂಬಾಕನ್ನು ಸುಣ್ಣದೊಡನೆ ತಿಕ್ಕಿ ದವಡೆಯಲ್ಲಿ ಇಟ್ಟುಕೊಂಡೇ ಇರತೊಡಗಿದರು. ಹೊಗೆಯಿಲ್ಲ, ವಾಸನೆಯಿಲ್ಲ, ಕೆಮ್ಮಿಲ್ಲ. ಆದ್ದರಿಂದ ಅದು ಯಾರ ಕಣ್ಣಿಗೂ ತಂಬಾಕಾಗಿ ಕಾಣುತ್ತಿರಲಿಲ್ಲ.

೨೦೧೭ರ ಕಾರ್ತಿಕದಲ್ಲಿ ಹೊಸ ಚಪ್ಪಲಿ ಕಚ್ಚಿ ಅವರ ಬಲಗಾಲಿನ ಕಿರುಬೆರಳಿನಲ್ಲಿ ಒಂದು ಗುಳ್ಳೆ ಎದ್ದಿತು. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಮಂದವಾಗಿದ್ದುದರಿಂದ ನೋವು ತಿಳಿಯಲಿಲ್ಲ. ಗುಳ್ಳೆ ಒಡೆದು ಗಾಯವಾಯಿತು. ಏಳು ವಾರ ಕಳೆದರೂ ಮಾಯಲಿಲ್ಲ, ಬೆರಳು ಕಪ್ಪಾಗತೊಡಗಿತು. ಜಿಲ್ಲಾ ಕೇಂದ್ರದ ಶಸ್ತ್ರವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಪಾದದ ಮೇಲೆ ಬೆರಳಿಟ್ಟು ನಾಡಿಯನ್ನು ಬಹಳ ಹೊತ್ತು ಹುಡುಕಿದರು. ಬಳಿಕ ತಲೆಯೆತ್ತಿ ಕೇಳಿದರು:

“ಯಜಮಾನರ, ತಂಬಾಕಿನ ಹವ್ಯಾಸ ಏನರ ಐತೇನ್ರಿ?”

“ಇಲ್ಲರಿ ಸಾಹೇಬರ. ಬೀಡಿ ಬಿಟ್ಟು ಆರು ವರ್ಷ ಆತು.”

“ಬೀಡಿ ಬಿಡ್ರಿ. ಬಾಯಾಗ ಏನೈತಿ?”

ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲೀ ಹಾಕ್ಕೊಂತೀನ್ರಿ, ಅಷ್ಟ,” ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ತಿಳುವಳಿಕೆಯಲ್ಲಿ ತಂಬಾಕು ಎಂದರೆ ಬೀಡಿ, ಸಿಗರೇಟು. ಎಲೆಯೊಡನೆ ಹೋಗುವುದು ಎಲೆಯ ಲೆಕ್ಕಕ್ಕೇ ಸೇರುತ್ತಿತ್ತು.

ವೈದ್ಯರು ಬೈಯಲಿಲ್ಲ. ಸಮಾಧಾನದಿಂದ ತಿಳಿಸಿ ಹೇಳಿದರು. ಬೀಡಿಯ ಹೊಗೆ ರಕ್ತನಾಳಗಳಿಗೆ ಮಾಡುವ ಕೇಡು ಬಹಳ ದೊಡ್ಡದು. ಅದನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಜಗಿಯುವ ತಂಬಾಕಿನಲ್ಲಿಯೂ ಅದೇ ನಿಕೋಟಿನ್ ಇದೆ. ಅದು ಬಾಯಿಯ ಒಳಪೊರೆಯಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ದಿನವಿಡೀ ದವಡೆಯಲ್ಲಿ ತಂಬಾಕನ್ನು ಇಟ್ಟುಕೊಂಡವರ ರಕ್ತನಾಳಗಳಿಗೆ ದಿನವಿಡೀ ಬಿಡುವಿಲ್ಲ. ಕಿರುಬೆರಳನ್ನು ಉಳಿಸುವ ಕಾಲ ಮೀರಿದೆ. ಪಾದವನ್ನು ಉಳಿಸುವ ಕಾಲ ಇನ್ನೂ ಇದೆ ಎಂದರು. ಮರುದಿನ ಆ ಬೆರಳನ್ನು ತೆಗೆದರು.

ಇದು ನಮ್ಮ ಮನೆಯೊಂದರ ಕತೆಯಲ್ಲ. ೨೦೧೬-೧೭ರಲ್ಲಿ ನಡೆದ ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸೇದುವವರು ಶೇಕಡಾ ೧೦.೭ರಷ್ಟಿದ್ದರೆ, ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಶೇಕಡಾ ೨೧.೪ರಷ್ಟಿದ್ದರು, ಸರಿಯಾಗಿ ಇಮ್ಮಡಿ. ಹೆಣ್ಣುಮಕ್ಕಳಲ್ಲಿ ಸೇದುವವರು ಶೇಕಡಾ ೨ರಷ್ಟು ಮಾತ್ರ, ಆದರೆ ಹೊಗೆಯಿಲ್ಲದ ತಂಬಾಕಿನವರು ಶೇಕಡಾ ೧೨.೮. ಎಲೆಯೊಡನೆ ಎಸಳು, ಮೂಗಿಗೆ ನಶ್ಯ, ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ, ಅಂಗಡಿಯ ಜರ್ದಾ, ಇವೆಲ್ಲ ಅದರೊಳಗೆ ಬರುತ್ತವೆ. ಹಿರಿಯ ತಾಯಂದಿರನ್ನು ವೈದ್ಯರ ಬಳಿಗೆ ಕರೆದೊಯ್ದಾಗ “ತಂಬಾಕು ಉಂಟೇ?” ಎಂಬ ಪ್ರಶ್ನೆಯನ್ನು ಕೇಳುವವರೇ ವಿರಳ. ಕೇಳದಿದ್ದರೂ ಹೇಳುವುದು ಮನೆಯವರ ಕರ್ತವ್ಯ.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರೆಲ್ಲ ಕೂಡಿ ಮಾತನಾಡಿದೆವು. ಅಂದು ದಾರಿ ತೋರಿದವರು ಅತ್ತಿಗೆಯವರು. “ಇವರಿಗಾಗಿ ಎಂಟು ವರ್ಷದಿಂದ ಎಲ್ಲಾರೂ ಸಪ್ಪನ ಚಹಾ ಕುಡದೀವಿ. ಇದೂ ಒಂದು ಪಥ್ಯ ಅಂತ ತಿಳಕೊಂಡು ಎಲ್ಲಾರೂ ಮಾಡೋಣು,” ಎಂದರು. ಆ ಒಂದು ಮಾತಿನಿಂದ ಮನೆಯ ವಾತಾವರಣವೇ ಬದಲಾಯಿತು. ಚಟವೆಂದು ಕಂಡಾಗ ಒಬ್ಬರು ತಪ್ಪಿತಸ್ಥರಾಗುತ್ತಾರೆ, ಉಳಿದವರು ನ್ಯಾಯಾಧೀಶರಾಗುತ್ತಾರೆ. ಪಥ್ಯವೆಂದು ಕಂಡಾಗ ಎಲ್ಲರಿಗೂ ಒಂದೊಂದು ಕೆಲಸ ಸಿಗುತ್ತದೆ.

ಮೊದಲು ಒಂದು ವಾರ ಲೆಕ್ಕ ಬರೆದೆವು. ಅಣ್ಣನವರು ಯಾವಾಗ ಚಂಚಿ ಬಿಚ್ಚುತ್ತಾರೆಂಬುದನ್ನು ತಮ್ಮನ ಮಗಳು ತನ್ನ ನೋಟುಪುಸ್ತಕದಲ್ಲಿ ಗುರುತು ಹಾಕಿದಳು. ದಿನಕ್ಕೆ ಹದಿನಾಲ್ಕು ಸಲ. ಅವುಗಳಲ್ಲಿ ಅವರು ನಿಜವಾಗಿ ಬೇಡಿ ಹಾಕಿಕೊಳ್ಳುತ್ತಿದ್ದುದು ನಾಲ್ಕೈದು ಸಲ ಮಾತ್ರ: ಮುಂಜಾನೆ ಎದ್ದೊಡನೆ, ಎರಡೂ ಹೊತ್ತಿನ ಊಟದ ತರುವಾಯ, ಲೆಕ್ಕಪತ್ರಕ್ಕೆ ಕುಳಿತಾಗ. ಉಳಿದವೆಲ್ಲ ಕೈಗೆ ಚಂಚಿ ಸಿಕ್ಕಿತೆಂದು, ಯಾರೋ ಬಂದು ಕುಳಿತರೆಂದು. ೨೦೧೮ರ ಫೆಬ್ರವರಿ ೧ನೆಯ ತಾರೀಖನ್ನು ಗೊತ್ತುಮಾಡಿಕೊಂಡೆವು. ಶ್ರಾವಣ ಮಾಸಕ್ಕೆಂದು ಬಿಟ್ಟು ಮಾಸ ಮುಗಿದ ಮರುದಿನ ಮತ್ತೆ ಹಿಡಿಯುವ ರೂಢಿ ಹಲವರಲ್ಲಿದೆ. ಅಂಥ ಗಡುವು ಬೇಡವೆಂದು ಸಾದಾ ದಿನವನ್ನೇ ಆರಿಸಿದೆವು. ಹಿಂದಿನ ರಾತ್ರಿ ಚಂಚಿ, ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲವನ್ನೂ ಮನೆಯಿಂದ ಹೊರಹಾಕಿದೆವು. ಹೊಲದ ಗುಡಿಸಲಿನಲ್ಲಿದ್ದುದನ್ನೂ ಬಿಡಲಿಲ್ಲ.

ಇಲ್ಲಿ ಮಧುಮೇಹಿಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ತಂಬಾಕು ಬಿಟ್ಟ ಮೊದಲ ದಿನಗಳಲ್ಲಿ ಮೈ ನಡುಗಿದಂತಾಗುವುದು, ಬೆವರು, ತಳಮಳ, ಸಿಟ್ಟು, ವಿಪರೀತ ಹಸಿವು ಕಾಣಿಸಿಕೊಳ್ಳಬಹುದು. ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಇವೇ ಲಕ್ಷಣಗಳು. ಎರಡನ್ನೂ ಅನುಭವದಿಂದ ಬೇರ್ಪಡಿಸಲು ಬಾರದು. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಒಂದೇ ದಾರಿ. ಸಕ್ಕರೆ ೭೦ಕ್ಕಿಂತ ಕೆಳಗಿದ್ದರೆ ಮೂರು ಚಹದ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು, ಹದಿನೈದು ನಿಮಿಷಗಳ ಬಳಿಕ ಮತ್ತೆ ನೋಡಬೇಕು. ಸಕ್ಕರೆ ಸರಿಯಾಗಿದ್ದರೆ ಅದು ತಂಬಾಕಿನ ಕರೆ. ಅದಕ್ಕೆ ಸಿಹಿ ಕೊಡಬಾರದು. ಆ ಕರೆಯೂ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಒಂದು ಲೋಟ ನೀರು, ಓಣಿಯ ತುದಿಯವರೆಗೆ ಒಂದು ನಡಿಗೆ, ಮೊಮ್ಮಗನೊಡನೆ ನಾಲ್ಕು ಮಾತು, ಅಷ್ಟರಲ್ಲಿ ಅದು ಹೋಗಿರುತ್ತದೆ. ಮೊದಲ ವಾರ ಕಠಿಣ. ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಗ್ಗುತ್ತದೆ.

ಬಾಯಿಗೆ ಏನಾದರೂ ಬೇಕೆನ್ನುವವರಿಗೆ ಪೆಪ್ಪರಮಿಂಟು ಕೊಡುವುದುಂಟು. ಮಧುಮೇಹಿಗೆ ಅದು ಸಲ್ಲದು. ನಮ್ಮ ಮನೆಯಲ್ಲಿ ಹುರಿದ ಬಡೇಸೋಪು, ಒಂದು ಲವಂಗ, ಕೆಲವೊಮ್ಮೆ ಸೌತೆಕಾಯಿಯ ಹೋಳು ಆ ಕೆಲಸ ಮಾಡಿದವು. ತಂಬಾಕನ್ನು ತೆಗೆದು ಬರಿಯ ಅಡಿಕೆಯನ್ನು ಜಗಿದರೆ ಆಗಬಹುದಲ್ಲ ಎಂದು ಕೇಳುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಆಗಿದೆ. ಅದೂ ಅಲ್ಲದೆ ಅಡಿಕೆಯ ಹೋಳು ಬಾಯಿಗೆ ಬಿದ್ದೊಡನೆ ನಾಲಿಗೆ ಹಳೆಯ ಸಂಗಾತಿಯನ್ನು ಕೇಳುತ್ತದೆ. ಆದ್ದರಿಂದ ಅಣ್ಣನವರು ಎರಡನ್ನೂ ಬಿಟ್ಟರು.

ನಿಜವಾದ ಪರೀಕ್ಷೆ ಬಂದದ್ದು ಮೂರು ತಿಂಗಳ ಬಳಿಕ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ೧ಸಿ ಪರೀಕ್ಷೆ ತಂಬಾಕು ಬಿಡುವ ಮೊದಲು ಶೇಕಡಾ ೮.೧ ಇತ್ತು, ಈಗ ೮.೪ ಆಗಿತ್ತು. ತೂಕವೂ ಮೂರು ಕಿಲೋ ಹೆಚ್ಚಿತ್ತು. ಕಟ್ಟೆಯ ಮೇಲೆ ಕೂರುವ ಗೆಳೆಯರಿಗೆ ಇಷ್ಟೇ ಸಾಕಾಯಿತು. “ಇದ್ದದ್ದನ್ನು ಬಿಟ್ಟು ಮೈ ಕೆಡಿಸಿಕೊಂಡಿರಿ, ಒಂದೊಂದು ಎಸಳು ಇರಲಿ,” ಎಂದರು. ಅಣ್ಣನವರ ಮನಸ್ಸು ಅಂದು ಬಹಳ ಅಲುಗಿತು. ಬೆರಳನ್ನು ಕಳೆದುಕೊಂಡ ದಿನಕ್ಕಿಂತ ಈ ಚೀಟಿಯನ್ನು ಕಂಡ ದಿನವೇ ಅವರು ಹೆಚ್ಚು ಕುಗ್ಗಿದ್ದರು.

ಔಷಧ ಕೊಡುತ್ತಿದ್ದ ವೈದ್ಯರು ಆ ಚೀಟಿಯನ್ನು ನೋಡಿ ಗಾಬರಿಯಾಗಲಿಲ್ಲ. ಇದು ನಿರೀಕ್ಷಿಸಬಹುದಾದದ್ದೇ ಎಂದರು. ಬ್ರಿಟನ್ನಿನಲ್ಲಿ ಎರಡನೆಯ ಬಗೆಯ ಮಧುಮೇಹವಿದ್ದು ಸೇದುತ್ತಿದ್ದ ೧೦,೬೯೨ ಜನರ ದಾಖಲೆಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಟ್ಟವರಲ್ಲಿ ಮೊದಲ ವರ್ಷ ಈ ಎಚ್‌ಬಿಎ೧ಸಿ ಸರಾಸರಿ ೦.೨೧ರಷ್ಟು ಏರಿತು, ಆದರೆ ಬಿಟ್ಟ ಸ್ಥಿತಿ ಮುಂದುವರಿದಂತೆ ಕ್ರಮೇಣ ಇಳಿದು, ಮೂರು ವರ್ಷಗಳ ಹೊತ್ತಿಗೆ ಆ ಅಂತರ ಇಲ್ಲವಾಯಿತು. ತಂಬಾಕು ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದೂ ತಿಳಿದ ವಿಷಯವೇ. ನಾಲಿಗೆಗೆ ರುಚಿ ಮರಳುತ್ತದೆ, ಹಸಿವು ಹೆಚ್ಚುತ್ತದೆ. ಇದಕ್ಕೆ ಮದ್ದು ಗುಳಿಗೆಯನ್ನು ಹೊಂದಿಸುವುದು, ಊಟವನ್ನು ಅಳೆಯುವುದು, ನಡಿಗೆಯನ್ನು ಹೆಚ್ಚಿಸುವುದು, ತಂಬಾಕಿಗೆ ಮರಳುವುದಲ್ಲ. ಇದಕ್ಕೆ ವಿರುದ್ಧವಾಗಿ ಕೆಲವರಲ್ಲಿ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ತಂಬಾಕು ಬಿಟ್ಟ ಮೇಲೆ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡಿ ಸಕ್ಕರೆ ಇಳಿಯಲೂಬಹುದು. ಆದ್ದರಿಂದ ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ, ಮೊದಲ ತಿಂಗಳುಗಳಲ್ಲಿ ಎಂದಿಗಿಂತ ಹೆಚ್ಚು ಸಲ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಸಕ್ಕರೆಯ ಚೀಟಿಯಲ್ಲಿ ಕಾಣದ ಲಾಭಗಳು ಬೇರೆಯೇ ಇವೆ. ಸೇದುವವರು ಬಿಟ್ಟ ಇಪ್ಪತ್ತು ನಿಮಿಷಗಳಲ್ಲಿ ಹೃದಯದ ಬಡಿತವೂ ರಕ್ತದೊತ್ತಡವೂ ಇಳಿಯತೊಡಗುತ್ತವೆ. ಹನ್ನೆರಡು ತಾಸುಗಳಲ್ಲಿ ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷದಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಸೇದುವವರಲ್ಲಿರುವುದರ ಅರ್ಧದಷ್ಟಕ್ಕೆ ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಮಧುಮೇಹಿಗೆ ಪ್ರಾಣಾಪಾಯ ಬರುವುದು ಬಹುಮಟ್ಟಿಗೆ ಹೃದಯದ ಕಡೆಯಿಂದಲೇ ಆದ್ದರಿಂದ, ಎಚ್‌ಬಿಎ೧ಸಿಯ ಸಣ್ಣ ಏರಿಕೆಗಿಂತ ಈ ಲಾಭ ಎಷ್ಟೋ ದೊಡ್ಡದು. ಅಣ್ಣನವರ ವಿಷಯದಲ್ಲಿ ಹೇಳುವುದಾದರೆ, ವರ್ಷ ತುಂಬಿದಾಗ ೮.೨ ಇದ್ದ ಅಂಕಿ ಎರಡನೆಯ ವರ್ಷದ ಕೊನೆಗೆ ೭.೫ಕ್ಕೆ ಬಂದಿತು. ಬೆರಳು ತೆಗೆದ ಜಾಗ ಪೂರ್ತಿ ಮಾಯಿತು. ಪಾದಗಳನ್ನು ರಾತ್ರಿ ಅತ್ತಿಗೆಯವರು ದೀಪದ ಬೆಳಕಿನಲ್ಲಿ ನೋಡದೆ ಮಲಗುವುದಿಲ್ಲ. ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವುದನ್ನೂ ಬರಿಗಾಲಿನಲ್ಲಿ ಹೊಲಕ್ಕಿಳಿಯುವುದನ್ನೂ ಅವರು ನಿಲ್ಲಿಸಿದ್ದಾರೆ. ಇಂದಿಗೂ ಉಳಿದ ಒಂಬತ್ತು ಬೆರಳುಗಳು ಕ್ಷೇಮವಾಗಿವೆ.

ನಡುವೆ ಒಂದು ಸಲ ಜಾರಿದ್ದೂ ಉಂಟು. ೨೦೧೯ರ ಬೇಸಿಗೆಯಲ್ಲಿ ಸಂಬಂಧಿಕರ ಮದುವೆಯಲ್ಲಿ ಬೀಗರು ತಾಂಬೂಲದ ತಟ್ಟೆಯನ್ನು ಮುಂದಿಟ್ಟರು. ಎಲೆ, ಅಡಿಕೆ, ಸುಣ್ಣ, ನಡುವೆ ತಂಬಾಕಿನ ಬಟ್ಟಲು. “ಹಿರಿಯರು ಒಲ್ಲೆ ಅಂದರ ಹ್ಯಾಂಗ್ರಿ?” ಎಂಬ ಒತ್ತಾಯಕ್ಕೆ ಅಣ್ಣನವರು ಒಂದು ಎಸಳನ್ನು ತೆಗೆದುಕೊಂಡರು, ಸಂಜೆಗೆ ಇನ್ನೊಂದು. ಮನೆಗೆ ಬಂದು ತಾವೇ ಹೇಳಿದರು. ಯಾರೂ ಏನೂ ಅನ್ನಲಿಲ್ಲ. ಪಥ್ಯದವರು ಮದುವೆಯಲ್ಲಿ ಒಂದು ಲಾಡು ತಿಂದರೆ ಅಂದಿಗೆ ಪಥ್ಯ ಮುಗಿಯಿತೆಂದು ಯಾರಾದರೂ ಹೇಳುತ್ತಾರೆಯೇ? ಮರುದಿನ ಮುಂಜಾನೆ ಬಡೇಸೋಪಿನ ಡಬ್ಬಿ ಎಂದಿನ ಜಾಗದಲ್ಲಿತ್ತು. ಅಂದಿನಿಂದ ಇಂದಿನವರೆಗೆ ಅವರು ತಂಬಾಕನ್ನು ಮುಟ್ಟಿಲ್ಲ.

ತಾಂಬೂಲ ನಮ್ಮ ಹಳೆಯ ಸಂಪ್ರದಾಯ, ಅದರ ತಟ್ಟೆಯಿಂದ ತಂಬಾಕನ್ನು ತೆಗೆಯಬಹುದೇ ಎಂಬ ಅಳುಕು ಹಿರಿಯರಲ್ಲಿ ಸಹಜ. ಆದರೆ ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ನಾಡಿಗೆ ಬಂದು ನಾಲ್ಕು ನೂರು ವರ್ಷಗಳ ಮೇಲೆ ಸ್ವಲ್ಪ ಕಾಲ ಆಗಿದೆ, ಅಷ್ಟೇ. ಎಲೆಯ ತಟ್ಟೆ ಅದಕ್ಕಿಂತ ಎಷ್ಟೋ ಹಳೆಯದು. ತಂಬಾಕಿನ ಬಟ್ಟಲನ್ನು ತೆಗೆದರೆ ಸಂಪ್ರದಾಯಕ್ಕೆ ಯಾವ ಕುಂದೂ ಬಾರದು. ನಮ್ಮ ಮನೆಯಲ್ಲಿ ಆ ಬಳಿಕ ನಡೆದ ಎರಡು ಮದುವೆಗಳಲ್ಲಿ ತಟ್ಟೆಯ ನಡುವೆ ಏಲಕ್ಕಿ, ಲವಂಗ, ಬಡೇಸೋಪು ಇಟ್ಟೆವು. ಕೇಳಿದವರು ಇಬ್ಬರೋ ಮೂವರೋ. ಮುನಿದವರು ಯಾರೂ ಇಲ್ಲ.

ಬಿಡಬೇಕೆಂಬ ಮನಸ್ಸಿದ್ದೂ ಒಂಟಿಯಾಗಿ ಆಗದೆಂಬವರಿಗೆ ನೆರವಿನ ದಾರಿಗಳಿವೆ. ತಂಬಾಕು ಬಿಡಲು ಸಲಹೆ ಕೊಡುವ ರಾಷ್ಟ್ರೀಯ ದೂರವಾಣಿಯ ಸಂಖ್ಯೆ ೧೮೦೦-೧೧-೨೩೫೬. ೨೦೧೮ರ ಸೆಪ್ಟೆಂಬರಿನಿಂದ ಇದನ್ನು ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿಸುವುದು ಕಡ್ಡಾಯವಾಯಿತು. ಕರೆಗೆ ಹಣವಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ತಂಬಾಕು ಬಿಡಿಸುವ ಸಲಹಾ ಕೇಂದ್ರಗಳು ನಡೆಯುತ್ತವೆ. ನಿಕೋಟಿನ್ ಇರುವ ಜಗಿಯುವ ಗೋಂದು ಔಷಧದ ಅಂಗಡಿಯಲ್ಲಿ ದೊರೆಯುತ್ತದೆ; ಹೊಗೆ, ಟಾರು ಇಲ್ಲದ ಇದು ಮೊದಲ ಕೆಲವು ವಾರಗಳ ಊರುಗೋಲು. ಆದರೆ ಅದರಲ್ಲಿಯೂ ನಿಕೋಟಿನ್ ಇರುವುದರಿಂದ ಮಧುಮೇಹಿಗಳು, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ಓದುಗರಲ್ಲಿ ನಮ್ಮ ಬಿನ್ನಹ ಇಷ್ಟೇ. ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಗುಳಿಗೆಗಳ ಚೀಟಿಯೊಡನೆ ಇನ್ನೊಂದು ಸಾಲನ್ನು ಬರೆದುಕೊಂಡು ಹೋಗಿರಿ: ಬೀಡಿ ಎಷ್ಟು, ಎಸಳು ಎಷ್ಟು, ನಶ್ಯ ಎಷ್ಟು, ಹಲ್ಲುಪುಡಿಯಲ್ಲಿ ಏನಿದೆ. ಅಪ್ಪನವರ ಲೆಕ್ಕದ ಜೊತೆಗೆ ಅವ್ವನವರ ಲೆಕ್ಕವನ್ನೂ ಬರೆಯಿರಿ. ವೈದ್ಯರು ಕೇಳಲಿ, ಕೇಳದಿರಲಿ, ಆ ಸಾಲನ್ನು ಅವರ ಮುಂದೆ ಇಡಿರಿ. ಮರಳಿ ಬಂದ ಮೇಲೆ ಯಾರನ್ನೂ ಗದರಿಸದೆ, ಒಂದು ತಾರೀಖನ್ನು ಎಲ್ಲರೂ ಕೂಡಿ ಗೊತ್ತುಮಾಡಿರಿ.